ಚಂಗಾಳ್ವರ ಪಟ್ಟಣಕ್ಕೆ ಇಬ್ಬರೇ ಹೋಗಿ ಬನ್ನಿ

ಮದುವೆಯಾಗಿ ಎಷ್ಟು ವರ್ಷವಾಯಿತು? ಹತ್ತೆ? ಇಪ್ಪತ್ತೆ? ಅಷ್ಟು ವರ್ಷಗಳಲ್ಲಿ ಮಕ್ಕಳನ್ನು ಕಟ್ಟಿಕೊಳ್ಳದೆ, ಹರಕೆ, ಮದುವೆ, ನಾಮಕರಣ ಎಂಬ ನೆಪವಿಲ್ಲದೆ, ನೀವೂ ನಿಮ್ಮ ಯಜಮಾನರೂ ಇಬ್ಬರೇ ಒಂದು ಇಡೀ ದಿನ ಎಲ್ಲಿಗಾದರೂ ಹೋಗಿದ್ದುಂಟೆ? "ಅಯ್ಯೋ, ನಮಗೆಲ್ಲಿ ಬಿಡುವು" ಅಂತೀರಿ. ಬಿಡುವು ತಾನಾಗಿ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. "ಹಂಪೆಗೆ ಹೋಗಬೇಕೆಂದರೆ ಮೂರು ದಿನ ಬೇಕು, ಖರ್ಚು ಬೇರೆ" ಅಂತೀರಿ. ಹಂಪೆಯ ಮಾತು ಆಮೇಲೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯವರಿಗೆ ಕೈಯಳತೆಯಲ್ಲೇ ಒಂದು ಹಳೆಯ ರಾಜಧಾನಿ ಇದೆ. ಬೆಳಗಿನ ಬಸ್ಸಿಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ. ಖರ್ಚೇನಿದ್ದರೂ ಯಜಮಾನರದೇ!

ಅಡುಗೆ ಬರೆದ ದಂಡನಾಯಕ

ಹುಣಸೂರಿನಿಂದ ಹೊರಡೋಣ. ಇಂದಿನ ಹುಣಸೂರು ಪಿರಿಯಾಪಟ್ಟಣಗಳ ಸೀಮೆ, ಜೊತೆಗೆ ಕೊಡಗಿನ ಮೂಡಣ ಭಾಗ, ಇವೆಲ್ಲ ಸೇರಿ ಒಂದು ಕಾಲಕ್ಕೆ ಚಂಗನಾಡು. ಆಳಿದವರು ಚಂಗಾಳ್ವರು. ಚೋಳರ ಕಾಲದಿಂದ ಹದಿನೇಳನೆಯ ಶತಮಾನದವರೆಗೆ, ಒಮ್ಮೆ ಚೋಳರಿಗೆ, ಒಮ್ಮೆ ಹೊಯ್ಸಳರಿಗೆ, ಆಮೇಲೆ ವಿಜಯನಗರಕ್ಕೆ ತಲೆಬಾಗಿಯೂ ತಮ್ಮ ನೆಲ ಬಿಡದೆ ಆರು ನೂರು ವರ್ಷ ಬಾಳಿದರು. ಸಣ್ಣ ಸಂಸಾರವನ್ನು ದೊಡ್ಡ ನೆಂಟರ ನಡುವೆ ತೂಗಿಸಿಕೊಂಡು ಹೋದ ಹಾಗೆ ಅನ್ನಿ.

ಈ ಚಂಗಾಳ್ವರ ಕೈಕೆಳಗೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಮಂಗರಸ ಎಂಬ ಪ್ರಭು ಇದ್ದ. ಸಾಹಿತ್ಯ ಚರಿತ್ರೆಯಲ್ಲಿ ಇವನಿಗೆ ಮೂರನೆಯ ಮಂಗರಸ ಎಂದು ಹೆಸರು. ಜೈನ. ಮಂತ್ರಿ, ದಂಡನಾಯಕರ ಮನೆತನ. ಸುಮಾರು 1508ರ ಹೊತ್ತಿಗೆ ಇವನು ಬರೆದ ಕಾವ್ಯಗಳ ಜೊತೆಗೆ ಇನ್ನೊಂದು ಪುಸ್ತಕವೂ ಇದೆ: 'ಸೂಪಶಾಸ್ತ್ರ', ಅಂದರೆ ಅಡುಗೆ ಶಾಸ್ತ್ರ! ಭಕ್ಷ್ಯ, ಪಾನಕ, ಅನ್ನ, ಪಾಯಸಗಳು. ಬದನೆಕಾಯಿಯ ಬಗೆಬಗೆಯ ಪಲ್ಯಗಳು. ಬಾಳೆ, ಹಲಸು, ಬಿದಿರ ಕಳಲೆ. ಎಲ್ಲವೂ ಷಟ್ಪದಿಯಲ್ಲಿ. ಕತ್ತಿ ಹಿಡಿಯುವ ಮನೆತನದವನು ಬದನೆಕಾಯಿಯ ಎಣ್ಣೆ ಒಗ್ಗರಣೆಗೂ ಪದ್ಯದ ಗೌರವ ಕೊಟ್ಟನಲ್ಲ! "ಅಡುಗೆ ಏನು ಮಹಾ" ಎನ್ನುವವರು ಪಕ್ಕದ ಸೀಟಿನಲ್ಲೇ ಕೂತಿದ್ದರೆ ಈ ಸಂಗತಿಯನ್ನು ಕಲ್ಲಹಳ್ಳಿಯ ಹೆಸರು ಬಂದಾಗ ಮೆಲ್ಲಗೆ ಹೇಳಿ. ನಮ್ಮ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರ ಊರೂ ಇದೇ ಕಲ್ಲಹಳ್ಳಿ.

ಜುಲೈಯಿಂದ ಸೆಪ್ಟೆಂಬರಿನ ನಡುವೆ ಹೋದರೆ ಹುಣಸೂರಿನಿಂದಾಚೆ ಬಸ್ಸಿನ ಕಿಟಕಿಯಲ್ಲೇ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯುತ್ತದೆ. ಎತ್ತರದ ಬ್ಯಾರನ್‌ಗಳಲ್ಲಿ ವರ್ಜೀನಿಯಾ ಎಲೆ ಬೇಯುವ ಕಾಲ ಅದು. ಬ್ಯಾರನ್‌ಗಳ ಮುಂದೆ ಕೂತು ಕಡ್ಡಿಗೆ ಎಲೆ ಪೋಣಿಸುವವರು ಯಾರು ನೋಡಿ: ಹೆಚ್ಚಿನಂಶ ಹೆಂಗಸರೇ.

ಪಿರಿಯ ರಾಜನ ಪಟ್ಟಣ

ಮೈಸೂರು–ಮಡಿಕೇರಿ ರಸ್ತೆಯಲ್ಲಿ ಹುಣಸೂರು ದಾಟಿದ ಮೇಲೆ ಸಿಗುವುದೇ ಪಿರಿಯಾಪಟ್ಟಣ. ಪ್ರವಾಸಿಗರ ಕಾರುಗಳು ಇಲ್ಲಿ ನಿಲ್ಲುವುದಿಲ್ಲ. ಅವಕ್ಕೆ ಬೈಲುಕುಪ್ಪೆಯ ಚಿನ್ನದ ಬುದ್ಧರನ್ನು ನೋಡಿ ಕೊಡಗು ಹತ್ತುವ ಆತುರ. ನೀವು ಇಳಿಯಿರಿ.

ಹಳೆಗನ್ನಡದಲ್ಲಿ 'ಪಿರಿಯ' ಎಂದರೆ ಹಿರಿಯ. ಮೊದಲು ಸಿಂಗಪಟ್ಟಣವಾಗಿದ್ದ ಈ ಊರನ್ನು ಹದಿನಾರನೆಯ ಶತಮಾನದಲ್ಲಿ ಚಂಗಾಳ್ವರ ಪಿರಿಯ ರಾಜ ಹೊಸದಾಗಿ ಕಟ್ಟಿಸಿ ತನ್ನ ಹೆಸರಿಟ್ಟ. ಕೋಟೆ ಇತ್ತು, ಸುತ್ತ ಕಂದಕ ಇತ್ತು, ಒಳಗೆ ದೇವಾಲಯಗಳಿದ್ದುವು. ಈಗ ಕಾಣುವುದು ಕೋಟೆಯ ಕುರುಹು, ಕಂದಕದ ತಗ್ಗು, ಅಲ್ಲಲ್ಲಿ ಉಳಿದ ಕಲ್ಲು. "ಇಷ್ಟೇನಾ?" ಎಂದು ನಿಮ್ಮವರು ಕೇಳಬಹುದು. ಆಗ ಈ ಕಥೆ ಹೇಳಿ.

ಹದಿನೇಳನೆಯ ಶತಮಾನದ ನಡುಭಾಗ, 1644ರ ಸುಮಾರು. ಮೈಸೂರಿನಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು. ಅವರ ದಂಡು ಈ ಕೋಟೆಯನ್ನು ಮುತ್ತಿತು. ಒಳಗಿದ್ದವನು ಚಂಗಾಳ್ವರ ಕೊನೆಯ ರಾಜ ವೀರರಾಜ. ಇನ್ನು ಕೋಟೆ ಉಳಿಯದು ಎಂದು ಗೊತ್ತಾದಾಗ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿರಿದು ಶತ್ರುಗಳ ನಡುವೆ ನುಗ್ಗಿ ಸತ್ತ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ನಾಡು ನೋಡಿ ವರದಿ ಬರೆಯಲು ಕಳಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿಗೆ ಬಂದಿದ್ದ. ಊರವರು ಹೇಳಿದ ಈ ಕಥೆಯನ್ನು ಅವನು ಬರೆದಿಟ್ಟ.

ಪೌರುಷದ ಕಥೆ ಎಂದು ಹೇಳುವುದು ವಾಡಿಕೆ. ಆದರೆ ಆ ಕಂದಕದ ದಡದಲ್ಲಿ ಒಂದು ಗಳಿಗೆ ನಿಂತು ಯೋಚಿಸಿ. ರಾಜನ ಹೆಸರು ಉಳಿಯಿತು. ಆ ರಾಣಿಯರ ಹೆಸರೇನು? ಮಕ್ಕಳೆಷ್ಟು? ಸಾಯಲು ಒಪ್ಪುತ್ತೀರಾ ಎಂದು ಅವರನ್ನು ಯಾರಾದರೂ ಕೇಳಿದರೆ? ಆ ಕಥೆಯಲ್ಲಿ ಅದೊಂದೂ ಇಲ್ಲ. ಸಾಲ ಮಾಡುವುದಾಗಲಿ, ಹೊಲ ಮಾರುವುದಾಗಲಿ, ಮಗಳ ಓದು ನಿಲ್ಲಿಸುವುದಾಗಲಿ, ನಮ್ಮನ್ನೂ ಕೇಳಿ ಮಾಡಿ ಎಂದು ಹೇಳಲು ನಮಗೆಷ್ಟು ಕಾಲ ಬೇಕಾಯಿತು! ಕೋಟೆ ನೋಡುತ್ತ ಈ ಮಾತು ಬಂದರೆ ತಪ್ಪೇನಿಲ್ಲ. ಮನೆಯಲ್ಲಿ ಬರದ ಮಾತು ಹೊರಗೆ ಸಲೀಸಾಗಿ ಬರುತ್ತದೆ.

ಬುಕಾನನ್ ಬಂದಾಗ ಈ ಪಟ್ಟಣ ಮೈಸೂರು ಕೊಡಗುಗಳ ಕಾದಾಟಕ್ಕೆ ಸಿಕ್ಕಿ ಬರಿದಾಗಿತ್ತು. ಒಳಕೋಟೆ ಹುಲಿಗಳ ಪಾಲಾಗಿತ್ತಂತೆ. ನಡುಹಗಲಲ್ಲೂ ಒಂಟಿಯಾಗಿ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಬಿಸಿಲೇರಿದಾಗ ಹುಲಿಗಳು ಮಲಗುತ್ತಿದ್ದುದು ದೇವಾಲಯಗಳ ನೆರಳಿನಲ್ಲಿ. ಇಂದು ಅದೇ ಊರಿನಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಸಂತೆ ಸೇರುತ್ತದೆ. ರಾಜರು ಹೋದರು, ಹುಲಿಗಳೂ ಹೋದುವು. ಊರಿನ ದೇವತೆ ಮಸಣೀಕಮ್ಮ ಇದ್ದಾಳೆ. ಅವಳ ಗುಡಿಗೆ ಹೋಗಿ ಹೂವು ಕಾಯಿ ಕೊಟ್ಟು ಮುಂದಿನ ದಾರಿ ಹಿಡಿಯಿರಿ.

ಬೆಟ್ಟದಪುರದ ನೆರಳಲ್ಲಿ ಬುತ್ತಿ

ಪಿರಿಯಾಪಟ್ಟಣದಿಂದ ಬೆಟ್ಟದಪುರದ ಬಸ್ಸು ಹತ್ತಿದರೆ ದೂರದಿಂದಲೇ ಗೋಪುರದ ಹಾಗೆ ಚೂಪಾದ ಬೆಟ್ಟ ಕಾಣುತ್ತದೆ. ತುದಿಯಲ್ಲಿರುವವನು ಸಿಡಿಲು ಮಲ್ಲಿಕಾರ್ಜುನ. ಮೊದಲು ಜೈನರಾಗಿದ್ದ ಚಂಗಾಳ್ವರು ಆಮೇಲೆ ಶಿವಭಕ್ತರಾದಾಗ ಕುಲದೇವರಾಗಿ ನಂಬಿದ್ದು ಈ ಬೆಟ್ಟದ ಮಲ್ಲಿಕಾರ್ಜುನನನ್ನೇ. ಮೆಟ್ಟಿಲು ಮೂರು ಸಾವಿರಕ್ಕೂ ಹೆಚ್ಚು. ಇಬ್ಬರಲ್ಲಿ ಯಾರ ಮಂಡಿ ನೋಯುತ್ತದೋ ಅವರ ಮಾತೇ ನಡೆಯಲಿ. ಹತ್ತುವುದಾದರೆ ಮೊದಲು ಇಲ್ಲಿಗೇ ಬಂದು ಬೆಳಗಿನ ತಂಪಿನಲ್ಲಿ ಹತ್ತಿ, ಉಳಿದ ಒಂದೆರಡು ಜಾಗ ಇನ್ನೊಂದು ಸಲಕ್ಕೆ ಬಿಡಿ. ಇಲ್ಲವಾದರೆ ಕೆಳಗಿನಿಂದಲೇ ಕೈಮುಗಿದು ಬುತ್ತಿ ಬಿಚ್ಚಿ.

ಬೆಟ್ಟದಪುರ ಸಂಕೇತಿಗಳ ಹಳೆಯ ನೆಲೆಗಳಲ್ಲಿ ಒಂದು. ತಮಿಳು ಸೀಮೆಯ ಸೆಂಗೋಟೆ ಕಡೆಯಿಂದ ತಮ್ಮ ಹಿರಿಯರು ಹೊರಟು ಬಂದದ್ದು ನಾಚಾರಮ್ಮ ಎಂಬ ವಿದ್ಯಾವತಿಯ ಮಾತಿಗೆ ಎಂದು ಅವರ ಮನೆಗಳಲ್ಲಿ ಹೇಳುತ್ತಾರೆ. ಅವಳ ವಿದ್ವತ್ತನ್ನು ಸಹಿಸದ ಪಂಡಿತರು ಅವಮಾನ ಮಾಡಿದರಂತೆ. ಇಂಥ ಊರಿನಲ್ಲಿ ಇನ್ನು ಇರುವುದಿಲ್ಲ ಎಂದು ಹೊರಟಳಂತೆ. ಅವಳನ್ನು ನಂಬಿದ ಕುಟುಂಬಗಳೂ ಗಂಟುಮೂಟೆ ಕಟ್ಟಿದುವು. ಪಿರಿಯಾಪಟ್ಟಣದ ರಾಣಿಯರಿಗೆ ಹೆಸರೇ ಇಲ್ಲ. ಇಲ್ಲಿ ಹೆಂಗಸೊಬ್ಬಳ ಹೆಸರನ್ನು ಒಂದು ಸಮುದಾಯವೇ ಮರೆಯದೆ ಇಟ್ಟುಕೊಂಡಿದೆ. ಎರಡು ಊರಿನ ನಡುವೆ ಒಂದು ಗಂಟೆಯ ದಾರಿಯೂ ಇಲ್ಲ, ನೋಡಿ.

ಸೀತೆಯ ಗಂಡ ಕಟ್ಟಿಸಿದ ಬಸದಿ

ಮಧ್ಯಾಹ್ನದ ಮೇಲೆ ಸಾಲಿಗ್ರಾಮದ ಕಡೆ ಸಾಗಿ, ಅಲ್ಲಿಂದ ಆಟೋ ಮಾಡಿಕೊಂಡು ಚಿಕ್ಕ ಹನಸೋಗೆಗೆ ಹೋಗಿ. ಶಾಸನಗಳ ಪನಸೋಗೆ ಇದೇ. ಸಾವಿರ ವರ್ಷದ ಹಿಂದೆ ಚಂಗಾಳ್ವರು ಚೋಳರ ದಂಡಿನೊಡನೆ ಕಾದಾಡಿದ್ದು ಇಲ್ಲೇ. ಇದು ಆ ಕಾಲಕ್ಕೆ ಜೈನರ ದೊಡ್ಡ ಕ್ಷೇತ್ರ. ಪನಸೋಗೆಯ ಗುರುಗಳಿಗೆ ಸೇರಿದ ಬಸದಿಗಳೇ 64 ಇದ್ದುವೆಂದು ಶಾಸನ ಹೇಳುತ್ತದೆ. ಈಗ ನೋಡಬೇಕಾದದ್ದು ಆದಿನಾಥನ ತ್ರಿಕೂಟ ಬಸದಿ, ಅಂದರೆ ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ತೆರೆದುಕೊಂಡ ಬಸದಿ. ಹನ್ನೊಂದನೆಯ ಶತಮಾನದಲ್ಲಿ ನನ್ನಿ ಚಂಗಾಳ್ವ ಇದನ್ನು ಹೊಸದಾಗಿ ಕಟ್ಟಿಸಿದ.

ಶಾಸನದ ಪ್ರಕಾರ ಈ ಬಸದಿಗಳನ್ನು ಮೊಟ್ಟಮೊದಲು ಸ್ಥಾಪಿಸಿದವನು ಯಾರು ಗೊತ್ತೆ? ಸಾಕ್ಷಾತ್ ಶ್ರೀರಾಮ! ಯಾವ ರಾಮ ಎಂಬ ಅನುಮಾನ ಬರಬಾರದಲ್ಲ. ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತೆಯ ಗಂಡ ಎಂದು ಗುರುತು ಹೇಳಿದ್ದಾರೆ. ಲೋಕದಲ್ಲಿ ನಮ್ಮನ್ನು ಇಂಥವರ ಹೆಂಡತಿ ಎಂದು ಕರೆಯುವುದು ರೂಢಿ. ನಿಮ್ಮ ಗ್ಯಾಸ್ ಪುಸ್ತಕದಿಂದ ಹಿಡಿದು ಲಗ್ನಪತ್ರಿಕೆವರೆಗೆ ಹಾಗೇ. ಇಲ್ಲಿ ರಾಮನಂಥ ರಾಮನಿಗೇ 'ಸೀತೆಯ ಗಂಡ' ಎಂಬ ವಿಳಾಸ! ನಿಮ್ಮ ಯಜಮಾನರಿಗೆ ಇದನ್ನು ಹೇಳದೆ ಬಿಡಬೇಡಿ.

ಬಲಗಡೆ ನಿಂತ ಸೀತೆ

ಸಂಜೆಯ ಹೊತ್ತಿಗೆ ಚುಂಚನಕಟ್ಟೆ. ದೂರದಲ್ಲೇ ಸದ್ದು ಕೇಳುತ್ತದೆ. ಕಾವೇರಿ ಬಂಡೆಗಳ ಮೇಲೆ ಕವಲೊಡೆದು ಸುಮಾರು ಅರವತ್ತು ಅಡಿ ಕೆಳಗೆ ಧುಮುಕುತ್ತಾಳೆ. ಮಳೆಗಾಲದಿಂದ ದೀಪಾವಳಿವರೆಗೆ ನೋಡುವ ಸೊಗಸು. ಬೇಸಗೆಯಲ್ಲಿ ಬಂಡೆಗಳೇ ಹೆಚ್ಚು. ಸಂಕ್ರಾಂತಿಯ ದನದ ಜಾತ್ರೆಗೆ ನಿಮ್ಮವರು ಎತ್ತು ಕೊಳ್ಳಲು ಎಷ್ಟು ಸಲ ಬಂದಿದ್ದಾರೋ. ನೀವು ಬಂದಿದ್ದೀರಾ?

ಚುಂಚ, ಚುಂಚಿ ಎಂಬ ಕಾಡಿನ ಗಂಡ ಹೆಂಡಿರು ಇಲ್ಲಿದ್ದರಂತೆ. ವನವಾಸದಲ್ಲಿದ್ದ ರಾಮ, ಸೀತೆ, ಲಕ್ಷ್ಮಣರನ್ನು ಬರಮಾಡಿಕೊಂಡು ಉಪಚರಿಸಿದರಂತೆ. ಊರಿಗೆ ಆ ದಂಪತಿಗಳ ಹೆಸರೇ ಉಳಿಯಿತು. ಕೋದಂಡರಾಮನ ಗುಡಿಗೆ ಹೋಗಿ ಗರ್ಭಗುಡಿಯನ್ನು ಸರಿಯಾಗಿ ನೋಡಿ. ಎಲ್ಲ ಕಡೆ ಸೀತೆ ರಾಮನ ಎಡಕ್ಕಿದ್ದರೆ ಇಲ್ಲಿ ಬಲಕ್ಕಿದ್ದಾಳೆ. ಯಾಕೆ ಎಂದು ಅರ್ಚಕರನ್ನು ಕೇಳಿ, ಕಥೆ ಹೇಳುತ್ತಾರೆ. ಹೊರಗೆ ಅಷ್ಟು ಭೋರ್ಗರೆಯುವ ಜಲಪಾತ ಗರ್ಭಗುಡಿಯ ಬಳಿ ಕೇಳಿಸುವುದಿಲ್ಲ ಎಂಬ ಮಾತೂ ಇದೆ. ಕಿವಿಗೊಟ್ಟು ನೀವೇ ಪರೀಕ್ಷೆ ಮಾಡಿ.

ಆಮೇಲೆ ನೀರು ಕಾಣುವ ಕಡೆ, ಬಂಡೆಯಂಚಿಗೆ ಹೋಗದೆ, ಇಬ್ಬರೂ ಸುಮ್ಮನೆ ಅರ್ಧ ಗಂಟೆ ಕೂತುಕೊಳ್ಳಿ. ಹಾಲಿನವನ ಲೆಕ್ಕ, ಮಗನ ಫೀಜು ಯಾವುದೂ ಬೇಡ. ಚುಂಚನಕಟ್ಟೆಯಿಂದ ಕೃಷ್ಣರಾಜನಗರ ಹದಿನೈದು ಕಿಲೋಮೀಟರು. ಕಾವೇರಿ ದಡದ ಎಡತೊರೆ 1924ರ ಮಹಾಪ್ರವಾಹಕ್ಕೆ ಸಿಕ್ಕ ಮೇಲೆ ಎತ್ತರದ ಜಾಗದಲ್ಲಿ ಅಳತೆ ಹಾಕಿ ಕಟ್ಟಿದ ಊರು ಅದು. ಹೊತ್ತಿದ್ದರೆ ಹಳೆ ಎಡತೊರೆಯ ಅರ್ಕೇಶ್ವರನಿಗೂ ಕೈಮುಗಿಯಿರಿ. ಅಲ್ಲಿಂದ ಮನೆಗೆ ಬಸ್ಸು, ಮೈಸೂರಿಗಾದರೆ ರೈಲೂ ಉಂಟು.

ಹೆಗ್ಗಡದೇವನಕೋಟೆಯವರೇ, ನಮ್ಮೂರಿನ ಸುದ್ದಿಯೇ ಇಲ್ಲವಲ್ಲ ಎನ್ನಬೇಡಿ. ಕಪಿಲೆಯ ದಡದ ನಿಮ್ಮ ಕಿತ್ತೂರು ಚಂಗಾಳ್ವರಿಗಿಂತ ಎಷ್ಟೋ ಹಳಬರಾದ ಪುನ್ನಾಟ ರಾಜರ ಕೀರ್ತಿಪುರ. ತಂದೆ ಗೊತ್ತುಮಾಡಿದ ವರನನ್ನು ಬಿಟ್ಟು ಗಂಗರ ಅವಿನೀತನನ್ನು ತಾನೇ ವರಿಸಿದಳು ಎನ್ನುವ ರಾಜಕುಮಾರಿಯ ತವರು ಅದೇ ಪುನ್ನಾಟ. ಅದಕ್ಕೆ ಇನ್ನೊಂದು ದಿನವನ್ನೇ ಇಡಬೇಕು.

ಹೊರಡುವ ಮುನ್ನ

* ಬುತ್ತಿಗೆ ಮೊಸರನ್ನ ಕಟ್ಟುವುದಾದರೆ ಅನ್ನವನ್ನು ಮೆತ್ತಗೆ ಮಾಡಿ ಹಾಲು ಹೆಚ್ಚು, ಮೊಸರು ಎರಡೇ ಚಮಚ ಹಾಕಿ ಕಲಸಿ. ಮಧ್ಯಾಹ್ನಕ್ಕೆ ಹದವಾಗಿರುತ್ತದೆ, ಹುಳಿಯಾಗುವುದಿಲ್ಲ. ಮಂಗರಸನ ನೆನಪಿಗೆ ಚಪಾತಿಯ ಜೊತೆ ಬದನೆಕಾಯಿ ಎಣ್ಣೆಗಾಯಿ ಇರಲಿ.
* ಉಚಿತ ಟಿಕೆಟ್ಟಿಗೆ ಗುರುತಿನ ಚೀಟಿ ಮರೆಯಬೇಡಿ.
* ಗುಡಿಗಳು ಸಾಮಾನ್ಯವಾಗಿ ನಡುಮಧ್ಯಾಹ್ನ ಬಾಗಿಲು ಹಾಕುತ್ತವೆ. ಆ ಹೊತ್ತನ್ನು ಊಟಕ್ಕೂ ಪ್ರಯಾಣಕ್ಕೂ ಇಟ್ಟುಕೊಳ್ಳಿ.
* ಚುಂಚನಕಟ್ಟೆಯ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಫೋಟೋ ಆಸೆಗೆ ಅಂಚಿಗೆ ಹೋಗಬೇಡಿ, ಅವರನ್ನೂ ಬಿಡಬೇಡಿ.
* ಮಕ್ಕಳನ್ನು ಒಂದು ದಿನ ಅಜ್ಜಿಯ ಬಳಿ ಬಿಡಿ. ಹಿಂದಿನ ರಾತ್ರಿಯೇ ಸಾರು ಮಾಡಿಟ್ಟರೆ ಸಾಕು. ಒಂದು ದಿನ ನೀವಿಲ್ಲದಿದ್ದರೆ ಮನೆಯೇನೂ ಮುಳುಗುವುದಿಲ್ಲ.