ಪಾತ್ರೆ ಮೇಲಿನ ಹೆಸರು ಮತ್ತು ಒಂದು ಪುಟ್ಟ ಕನ್ನಡಿ

ನಿಮ್ಮ ಮನೆಯ ಹಳೇ ಸ್ಟೀಲ್ ತಟ್ಟೆಯೊಂದನ್ನ ತಿರುಗಿಸಿ ನೋಡಿ. ಅಂಚಿನಲ್ಲೋ ಬೆನ್ನ ಮೇಲೋ ಸಣ್ಣ ಚುಕ್ಕಿಗಳಲ್ಲಿ ಯಾರದೋ ಹೆಸರು ಇರುತ್ತೆ. ಅಜ್ಜಿಯದಿರಬಹುದು, ಮದುವೆಯಲ್ಲಿ ಆಯೇರಿ ಮಾಡಿದವರದಿರಬಹುದು. ಪಾತ್ರೆ ಅಂಗಡಿಯಲ್ಲಿ 'ಝುಯ್ಯ್' ಅಂತ ಸದ್ದು ಮಾಡ್ತಾ ಹೆಸರು ಹಾಕೋ ಆ ಕೈಮಷಿನ್ ಒಳಗೆ ಇರೋದು ಇಷ್ಟೇ: ಒಂದು ತಾಮ್ರದ ತಂತಿಯ ಸುರುಳಿ, ಅದು ಎಳೆಯೋ ಒಂದು ಕಬ್ಬಿಣದ ತುಂಡು, ತುದಿಯಲ್ಲಿ ಗಟ್ಟಿ ಮೊಳೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತಲ್ಲ, ಸುರುಳಿ ಪ್ರತಿ ಸಲಕ್ಕೆ ಎರಡೆರಡು ಬಾರಿ ಎಳೆಯುತ್ತೆ. ಅಂದ್ರೆ ಸೆಕೆಂಡಿಗೆ 100 ಏಟು.

ನಾನು ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಮಾಡೋ ಕೆಲಸವೂ ಸುರುಳಿ, ಅಯಸ್ಕಾಂತದ್ದೇ. ಆದ್ರೆ ನಮ್ಮದು ಮೊಳೆ ಕುಣಿಸೋದಲ್ಲ, ಕನ್ನಡಿ ತಿರುಗಿಸೋದು. ಲೇಸರ್‌ನಿಂದ ಲೋಹದ ಮೇಲೆ ಬರೆಯೋ ಮಷಿನ್‌ನಲ್ಲಿ ಉಗುರಿನಷ್ಟಗಲದ ಎರಡು ಕನ್ನಡಿ ಇರುತ್ತೆ. ಒಂದು ಬೆಳಕನ್ನ ಎಡಬಲಕ್ಕೆ ಸರಿಸುತ್ತೆ, ಇನ್ನೊಂದು ಮೇಲೆ ಕೆಳಗೆ. ಪ್ರತಿ ಕನ್ನಡಿಯನ್ನೂ ಒಂದು ಸಣ್ಣ ದಂಡಕ್ಕೆ ಕೂರಿಸಿರ್ತಾರೆ. ದಂಡದಲ್ಲಿ ಅಯಸ್ಕಾಂತ, ಸುತ್ತ ಅಲುಗದೆ ಕೂತ ಸುರುಳಿ. ಕರೆಂಟು ಕೊಟ್ಟರೆ ದಂಡ ತಿರುಗುತ್ತೆ. ಇದಕ್ಕೆ ಗ್ಯಾಲ್ವೋ ಅಂತಾರೆ.

ತಿರುಗಿಸೋದೇನು ಮಹಾ ಅಂದ್ರಾ? ನಿಲ್ಲಿಸೋದ್ರಲ್ಲಿದೆ ಮಜಾ. ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಕನ್ನಡಿ ಹೊರಟು, ತಿರುಗಿ, ಹೇಳಿದ ಜಾಗದಲ್ಲಿ ನಡುಗದೆ ನಿಲ್ಲಬೇಕು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತೆ ನೋಡಿ, ಹಾಗಾಗಿ ತಪ್ಪೂ ಎರಡು ಪಟ್ಟು. ಲೆನ್ಸಿನ ದೂರ 160 ಮಿ.ಮೀ. ಇದ್ದರೆ, ಕನ್ನಡಿ ಒಂದು ಡಿಗ್ರಿಯ ನೂರರಲ್ಲಿ ಮೂರು ಭಾಗ ಜರುಗಿದರೂ ಗೆರೆ ಸುಮಾರು 0.17 ಮಿ.ಮೀ. ಸರಿದುಬಿಡುತ್ತೆ.

ಹಾಗಾದ್ರೆ ದೊಡ್ಡ ಸುರುಳಿ ಹಾಕಿ, ಜಾಸ್ತಿ ಕರೆಂಟು ಕೊಡಿ ಅನ್ನಬಹುದು. ಅಲ್ಲೇ ತೊಂದರೆ. ಕನ್ನಡಿಯ ಅಳತೆ ಎಲ್ಲಾ ಕಡೆ ಎರಡು ಪಟ್ಟಾದರೆ ತೂಕ 8 ಪಟ್ಟು, ಆದ್ರೆ ಅದನ್ನ ತಿರುಗಿಸೋ ಕಷ್ಟ 32 ಪಟ್ಟು! ಅದೇ ಸುರುಳಿಯಿಂದ ಅದೇ ವೇಗ ಬೇಕಂದ್ರೆ 32 ಪಟ್ಟು ಕರೆಂಟು, ಅದರಿಂದ ಬರೋ ಬಿಸಿ 1024 ಪಟ್ಟು. ಸುರುಳಿ ಸುಟ್ಟೇ ಹೋಗುತ್ತೆ. ಅದಕ್ಕೇ ನಮ್ಮ ವೇಳೆಯೆಲ್ಲ ಕನ್ನಡಿಯ ಮೂಲೆ ಕತ್ತರಿಸಿ, ಬೆನ್ನು ಕೊರೆದು ಹಗುರ ಮಾಡೋದ್ರಲ್ಲೇ ಕಳೆಯುತ್ತೆ.

ಇದು ಹೊಸ ಉಪಾಯವೇನಲ್ಲ. 1858ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತರು. ಅದೇ ವರ್ಷ ಆಗಸ್ಟ್‌ನಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ಕೇಬಲ್ ಮಾತಾಡಿತು. ಅಷ್ಟು ದೂರದಿಂದ ಬರೋ ಬಡಕಲು ಕರೆಂಟನ್ನ ಓದೋದಕ್ಕೆ ವಿಲಿಯಂ ಥಾಮ್ಸನ್, ಅಂದ್ರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಹಗುರವಾದ ಪುಟ್ಟ ಕನ್ನಡಿಯ ಬೆನ್ನಿಗೆ ಅಯಸ್ಕಾಂತ ಅಂಟಿಸಿ ರೇಷ್ಮೆ ಎಳೆಯಲ್ಲಿ ಸುರುಳಿಯ ನಡುವೆ ತೂಗುಬಿಟ್ಟಿದ್ದರು. ಗೋಡೆ ಮೇಲೆ ಓಡಾಡೋ ಬೆಳಕಿನ ಚುಕ್ಕಿಯೇ ಮುಳ್ಳು. ತೂಕವೇ ಇಲ್ಲದ ಮುಳ್ಳು! ಆ ತಿಂಗಳ ಕೊನೆಗೆ ಅದೇ ಕೇಬಲ್‌ನಲ್ಲಿ ಒಂದು ಆಜ್ಞೆ ಹೋಯಿತು: ಕೆನಡಾದಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟು ವಾಪಸ್ ಹೊರಡೋದು ಬೇಡ. ಭಾರತದ ದಂಗೆ ಅಷ್ಟೊತ್ತಿಗೆ ಅಡಗುತ್ತಾ ಬಂದಿತ್ತು, ಅವರು ಬೇಕಿರಲಿಲ್ಲ. ಕೇಬಲ್ ಕೆಲವೇ ವಾರದಲ್ಲಿ ಸತ್ತುಹೋಯಿತು ಬಿಡಿ, ಕನ್ನಡಿ ಮಾತ್ರ ಉಳೀತು.

ಅಷ್ಟು ಹಳೇ ಕನ್ನಡಿ ಈಗ ನಮ್ಮ ಮನೆ ಬಾಗಿಲಿಗೇ ಬಂದಿದೆ. ನನ್ನ ಸೋದರಮಾವ ಶಹಾಪುರದ ಒಂದು ಪಾತ್ರೆ ಅಂಗಡಿ ಮೂಲೆಯಲ್ಲಿ ಕೂತು ಮೂವತ್ತು ವರ್ಷದಿಂದ ಹೆಸರು ಹಾಕ್ತಾರೆ. ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ. ಸಂಜೆ ಹೊತ್ತಿಗೆ ಬೆರಳು ಜೋಮು ಹಿಡಿದು ಚಹದ ಕಪ್ಪು ನಡುಗುತ್ತೆ. ಅಂಗಡಿ ಮಾಲೀಕರು ಲೇಸರ್ ಮಷಿನ್ ರೇಟು ವಿಚಾರಿಸ್ತಿದಾರೆ ಅಂತ ಗೊತ್ತಾದ ಮೇಲೆ, ಕಳೆದ ಸಲ ಊರಿಗೆ ಹೋದಾಗ ಅವರು ನೇರವಾಗೇ ಕೇಳಿದರು: "ಅಳಿಯಾ, ನೀ ಮಾಡೋ ಕನ್ನಡಿ ನನ್ನ ಕೆಲಸ ತಿಂತದೇನು?"

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ತಾಟು, ಮುಚ್ಚಳದ ಕೆಲಸ ತಿಂತದ್ರೀ ಮಾಮಾ. ಕೊಡದ ಹೊಟ್ಟಿ ಮ್ಯಾಲ ಅದಕ್ಕ ಕಷ್ಟ ಅದ" ಅಂದೆ. ಲೇಸರ್ ಚುಕ್ಕಿ ಚೂಪಾಗಿರೋದು ಒಂದೇ ಎತ್ತರದಲ್ಲಿ. ಮೇಲ್ಮೈ ಡೊಂಕಾದರೆ ಅಂಚಿನ ಅಕ್ಷರ ಮಸುಕಾಗುತ್ತೆ. ಪಾತ್ರೆ ತಿರುಗಿಸೋ ಜೋಡಣೆಯೂ ಸಿಗುತ್ತೆ, ಅದಕ್ಕೆ ಬೇರೆ ದುಡ್ಡು. ಮಾಮಾನ ಕೈ ಮಾತ್ರ ಡೊಂಕಿನ ಜೊತೆ ತಾನೇ ಬಾಗುತ್ತೆ. ಇನ್ನು ನಮ್ಮ ಲಿಪಿ. ಗ್ಯಾಲ್ವೋಗೆ ಚೂಪು ಮೂಲೆಗಿಂತ ದುಂಡು ತಿರುವು ಸಲೀಸು, ಆ ಲೆಕ್ಕದಲ್ಲಿ ಕನ್ನಡ ಅಂದ್ರೆ ಅದಕ್ಕೆ ಹಬ್ಬ :) ಆದ್ರೆ ಸಾಫ್ಟ್‌ವೇರಿಗೆ ಕನ್ನಡ ಜೋಡಿಸೋಕೆ ಬರದಿದ್ದರೆ 'ಮಲ್ಲಮ್ಮ' ಹೋಗಿ 'ಮಲ್‌ಲಮ್‌ಮ' ಆಗುತ್ತೆ. ಕನ್ನಡಿ ಪಾಪ, ಹೇಳಿದ್ದನ್ನ ಅಷ್ಟೇ ನಿಖರವಾಗಿ ತಪ್ಪಾಗಿ ಬರೆಯುತ್ತೆ.

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಮಷಿನ್ ಮುಂದ ನಾನೇ ಕೂಡ್ತೀನಿ. ಒತ್ತಕ್ಷರ ನೋಡೋರು ಯಾರರ ಬೇಕಲ್ಲ?" ಅಂದರು.

ಮಾಲೀಕರು ಇನ್ನೂ ಏನೂ ಹೇಳಿಲ್ಲ. ನಾನಂತೂ ಮಾಮಾಗೆ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟೋದನ್ನ ಫೋನಿನಲ್ಲೇ ಹೇಳಿಕೊಡ್ತಿದೀನಿ. ಮೊದಲ ವಾರ ಅವರು ಕಲಿತದ್ದು ಅತ್ತೆಯ ಹೆಸರು, ಒತ್ತಕ್ಷರ ಸಮೇತ. ನಿಮ್ಮ ತಟ್ಟೆ ಮೇಲೆ ಯಾರ ಹೆಸರಿದೆ, ಇವತ್ತು ಊಟಕ್ಕೆ ಕೂತಾಗ ಒಮ್ಮೆ ನೋಡಿ.