ಹರಿಹರದ ಹೊಳೆಗೆ ಹೋದ ಕೌದಿ

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವರು ನಾವು. ಹಳೇ ಬಟ್ಟೆ ಬಿಸಾಡೋಕೆ ಮನಸ್ಸು ಬರೋದಿಲ್ಲ. ಕೌದಿ ನೀವೂ ಹೊಲಿದಿರಬಹುದು: ಒಳಗೆ ಹಳೇ ಸೀರೆಯ ಪದರು, ಮೇಲೆ ಚೂರು ಬಟ್ಟೆ, ಸಾಲು ಹೊಲಿಗೆ. ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಮೂಲೆಗಳಿಗೆ 'ಫುಲ' ಇಡದೆ ಮುಗಿಸೋದೇ ಇಲ್ಲವಂತೆ.

ಮಗಳ ಬಾಣಂತನಕ್ಕೆಂದು, ತೀರಿಹೋದ ಅತ್ತೆಯವರ ಇಳಕಲ್ ಸೀರೆಗೆ ಕತ್ತರಿ ಹಾಕಲು ಎಂಟು ದಿನ ಕೈ ಬರಲಿಲ್ಲ. ಕೊನೆಗೆ ಸೆರಗು ಉಳಿಸಿಕೊಂಡು ಒಡಲಷ್ಟನ್ನೇ ಕತ್ತರಿಸಿದೆ.

ಹೊಲಿದದ್ದನ್ನು ಬಸ್ಸಿನಲ್ಲಿ ಹರಿಹರಕ್ಕೆ ಒಯ್ದೆವು. 1224ರ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ. ದೇವರೇ ಎರಡು ತುಂಡು ಕೂಡಿಸಿದಂತೆ ನಿಂತಿದ್ದಾನೆ! ಕೈಮುಗಿದು ತುಂಗಭದ್ರೆಯಲ್ಲಿ ಕೌದಿ ಅದ್ದಿದರೆ, ಹೊಸ ಕೆಂಪು ಚೂರು ಬಣ್ಣ ಬಿಡಬೇಕೆ! ಮೊದಲೇ ನೆನೆಸಿ ನೋಡದ ತಪ್ಪು ನನ್ನದೇ. ಅತ್ತೆಯವರ ಸೀರೆಯ ತುಂಡಿಗೆಲ್ಲ ಕಲೆ.

"ಇರ್ಲಿ ಬಿಡವ್ವಾ, ಕೂಸಿಗೇನು ಗೊತ್ತಾಗುತ್ತೆ?" ಅಂದಳು ಮಗಳು.