ಒಂದು ಸ್ಪೇಸ್ ಮಾಡಿದ ಕಿತಾಪತಿ

ರಾಜ್ಯೋತ್ಸವಕ್ಕೆ ಸಂಘದಿಂದ ಒಂದು ಗಾದೆ ಕ್ವಿಜ್ ಇಡೋಣ ಅಂತ ತೀರ್ಮಾನ ಆಯ್ತು. ಎಲ್ಲರೂ ಮನೆಗೆ ಫೋನ್ ಮಾಡಿ, ಅಜ್ಜಿಯರನ್ನ ಕೇಳಿ, ಗಾದೆಗಳನ್ನ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿದ್ರು. ಪ್ರೋಗ್ರಾಮ್ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಆಗಷ್ಟೇ ಗೋ ಕಲಿಯುತ್ತಿದ್ದೆ, ಅದರಲ್ಲೇ ಬರೆದೆ.

ಹಿಂದಿನ ರಾತ್ರಿ ರನ್ ಮಾಡಿದರೆ ಸ್ಕ್ರೀನ್ ಖಾಲಿ. ಒಂದೂ ಗಾದೆ ಇಲ್ಲ, ಎರರ್ ಕೂಡ ಇಲ್ಲ. ಫೈಲ್ ತೆರೆದು ನೋಡಿದರೆ ಎಲ್ಲಾ ಸರಿಯಾಗೇ ಇದೆ. ನನಗೆ ಮೊದಲು ಬಂದ ಅನುಮಾನ ಕನ್ನಡದ ಮೇಲೆ. "ಯೂನಿಕೋಡ್ ಪ್ರಾಬ್ಲಮ್ ಇರಬೇಕು ಕಣೋ, ಇಂಗ್ಲಿಷ್ ಅಕ್ಷರದಲ್ಲೇ ಹಾಕೋಣ" ಅಂದೆ. ಪಾಪ, ರೂಮ್‌ಮೇಟ್ ನಿದ್ದೆಗೆಟ್ಟು ನಲವತ್ತು ಗಾದೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟ. ಆಗಲೂ ಸ್ಕ್ರೀನ್ ಖಾಲಿ!

ತಪ್ಪು ಇದ್ದದ್ದು ಒಂದು ಸ್ಪೇಸ್‌ನಲ್ಲಿ.

ಮೊದಲ ವರ್ಷ ಪೂರ್ತಿ ನಾನು ಬರೆದದ್ದು ಪೈಥಾನ್. 2001ರ ಪೆಪ್ 8 ನಿಯಮದ ಪ್ರಕಾರ ಕೋಡ್ ಸಾಲಿನ ಕೊನೆಯಲ್ಲಿ ಕಾಮೆಂಟ್ ಬಂದರೆ # ಮುಂಚೆ ಕನಿಷ್ಠ ಎರಡು ಸ್ಪೇಸ್, ಆಮೇಲೆ ಒಂದು ಸ್ಪೇಸ್ ಇರಬೇಕು. ನಾವು ಮರೆತರೆ ಬ್ಲ್ಯಾಕ್ ಫಾರ್ಮ್ಯಾಟರ್ ತಾನೇ ಹಾಕುತ್ತೆ. ಹಾಗಾಗಿ ಕಾಮೆಂಟ್ ಅಂದ್ರೆ ಸ್ಪೇಸ್ ಹೊಡೆಯೋದು ಕೈಗೆ ರೂಢಿಯಾಗಿತ್ತು.

ಗೋದಲ್ಲಿ ಒಂದು ಫೈಲನ್ನ ಪ್ರೋಗ್ರಾಮ್ ಒಳಗೇ ಸೇರಿಸಬೇಕಾದರೆ, ವೇರಿಯಬಲ್ ಮೇಲಿನ ಸಾಲಿನಲ್ಲಿ //ಗೋ:ಎಂಬೆಡ್ ಅಂತ ಬರೆದು ಫೈಲ್ ಹೆಸರು ಕೊಡಬೇಕು. ನೋಡೋಕೆ ಕಾಮೆಂಟ್, ಆದರೆ ಕಂಪೈಲರ್‌ಗೆ ಅದು ಆಜ್ಞೆ. ನಾನು // ಆದಮೇಲೆ ಅಂದವಾಗಿ ಒಂದು ಸ್ಪೇಸ್ ಕೊಟ್ಟಿದ್ದೆ. ಅಷ್ಟಕ್ಕೇ ಅದು ಬರೀ ಕಾಮೆಂಟ್ ಆಗಿಬಿಡ್ತು, ವೇರಿಯಬಲ್ ಖಾಲಿಯಾಗೇ ಉಳೀತು.

ಗೋಫ್ಮಟ್ ಯಾಕೆ ಸರಿ ಮಾಡಲಿಲ್ಲ? ಅಕ್ಕಪಕ್ಕದ ಸಾಲುಗಳ ಕೊನೆಯಲ್ಲಿದ್ದ ಕಾಮೆಂಟ್‌ಗಳನ್ನ ಅದು ನೀಟಾಗಿ ಒಂದೇ ನೇರಕ್ಕೆ ತಂದಿತ್ತು. ಆದರೆ ಸ್ಪೇಸ್ ಇರೋ ಸಾಲೂ ಸರಿಯಾದ ಕಾಮೆಂಟೇ. ನನ್ನ ಮನಸ್ಸಲ್ಲಿ ಇದ್ದದ್ದು ಆಜ್ಞೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಆಮೇಲೆ ಗಮನಿಸಿದೆ, ಪೈಥಾನ್‌ನಲ್ಲೂ ಇದೇ ಕಥೆ. ಫೈಲ್‌ನ ಮೊದಲ ಸಾಲಿನಲ್ಲಿ #! ಇದ್ದರೆ ಬ್ಲ್ಯಾಕ್ ಅಲ್ಲಿ ಸ್ಪೇಸ್ ಹಾಕಲ್ಲ, ಯಾಕಂದ್ರೆ ಅದನ್ನ ಓದೋದು ಆಪರೇಟಿಂಗ್ ಸಿಸ್ಟಮ್. ಕ್ಲ್ಯಾಂಗ್-ಫಾರ್ಮ್ಯಾಟ್‌ನಲ್ಲಿ ಸಾಲಿನ ಕೊನೆಯ ಕಾಮೆಂಟ್ ಮುಂಚೆ ಎಲ್‌ಎಲ್‌ವಿಎಂ ಶೈಲಿಗೆ ಒಂದು ಸ್ಪೇಸ್, ಗೂಗಲ್ ಶೈಲಿಗೆ ಎರಡು. ಅದು ಬರೀ ಅಂದದ ಪ್ರಶ್ನೆ. ನನ್ನದು ಅಂದದ ಪ್ರಶ್ನೆ ಆಗಿರಲಿಲ್ಲ. ಎರಡನ್ನೂ ಒಂದೇ ಅಂದುಕೊಂಡದ್ದು ನನ್ನ ತಪ್ಪು.

ಸ್ಪೇಸ್ ತೆಗೆದೆ. ಗಾದೆಗಳು ಬಂದ್ವು, ಕನ್ನಡದಲ್ಲೇ, ಒತ್ತಕ್ಷರ ಸಮೇತ. ರೂಮ್‌ಮೇಟ್‌ಗೆ ಕ್ಯಾಂಟೀನ್‌ನಲ್ಲಿ ಮಸಾಲೆ ದೋಸೆ ಕೊಡಿಸಿ ಸಾರಿ ಕೇಳಿದೆ. ಎರರ್ ಬಂದಾಗ ಮೊದಲು ಕನ್ನಡವನ್ನೇ ಅನುಮಾನಿಸಿದ್ದಕ್ಕೆ ಯಾರ ಹತ್ರ ಸಾರಿ ಕೇಳೋದು ಅಂತ ಗೊತ್ತಾಗಲಿಲ್ಲ.

ಈಗ ಆ ಸಾಲಿನ ಮೇಲೆ ಇನ್ನೊಂದು ಕಾಮೆಂಟ್ ಇದೆ: // ಕೆಳಗಿನ ಸಾಲಿನಲ್ಲಿ ಸ್ಪೇಸ್ ಹಾಕಬೇಡಿ. ಇದರಲ್ಲಿ ಮಾತ್ರ ಸ್ಪೇಸ್ ಇದೆ. ಇದು ಮುಂದಿನ ವರ್ಷ ಕ್ವಿಜ್ ನಡೆಸೋ ಜೂನಿಯರ್‌ಗೆ.